ನೀವು ಕೇಳಿದಿರಿ: ಮಡಕೆಯೊಳಗಿನ ಕೂಸು, ಬೂದಿಗುಡ್ಡದ ರಾಕ್ಷಸ

(ಮೂವತ್ತೊಂದು ವರ್ಷ ಉತ್ಖನನಗಳಲ್ಲಿ ನಕ್ಷೆ ಬರೆದು ನಿವೃತ್ತರಾದ ನಮ್ಮ ಅಂಕಣಕಾರರು ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ.)

ಹಿಂದಿನ ಕಾಲದವರು ಸತ್ತ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಮನೆಯೊಳಗೇ ಹೂಳುತ್ತಿದ್ದರಂತೆ. ನಿಜವೇ? ಬಲಿ ಕೊಟ್ಟ ಮಕ್ಕಳೇ ಅವು?
– ಗೃಹಿಣಿಯೊಬ್ಬರು, ಚಳ್ಳಕೆರೆ

ಹೂಳುತ್ತಿದ್ದುದು ನಿಜ. ನಿಮ್ಮ ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ಕಲ್ಲುಕೊಡಲಿ ಬಳಸುತ್ತಿದ್ದ ಜನರ ಪದರಗಳಲ್ಲಿ ಇದೇ ಪದ್ಧತಿ ಕಂಡಿತು. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳಿದ್ದರು. ಕೂಸುಗಳನ್ನು ಕೈಕಾಲು ಮಡಿಸಿ ಮಡಕೆಯೊಳಗೆ ಇಟ್ಟಿದ್ದರು. ತೆಕ್ಕಲಕೋಟೆ ಮತ್ತು ಹಳ್ಳೂರಿನಲ್ಲೂ ಇಂಥ ಮಡಕೆಗಳು ಸಿಕ್ಕಿವೆ.

ಬಲಿಯ ಮಾತು ಪ್ರತಿ ಉತ್ಖನನದಲ್ಲೂ ಮೂರನೆಯ ದಿನಕ್ಕೆ ಊರೊಳಗಿನಿಂದ ಹೊರಡುತ್ತದೆ. ನಾನು ಬರೆದ ಎಲುಬುಗಳಲ್ಲಿ ಒಂದರ ಮೇಲೂ ಕತ್ತಿಯ ಗುರುತಿರಲಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಿದ್ದ ಕಾಲ ಅದು. ಕಾರಣಕ್ಕೆ ಬಲಿಯವರೆಗೆ ಹೋಗಬೇಕಾಗಿಲ್ಲ.

ನನ್ನ ಪಾಲಿಗೆ ಬಂದ ಮೊದಲ ಮಡಕೆ ಹೇಳುತ್ತೇನೆ. ತುಂಗಭದ್ರೆಯ ಬಯಲು, ಮಾರ್ಚ್ ತಿಂಗಳು. ಗಟ್ಟಿಸಿದ ನೆಲದಲ್ಲಿ ಒಂದೂವರೆ ಮೊಳ ಅಗಲದ ಬಣ್ಣಗೆಟ್ಟ ವೃತ್ತ ಕಂಡಿತು. ನೆಲ ಮಾಡಿದ ಮೇಲೆ ಯಾರೋ ಅದನ್ನು ಒಡೆದು ಗುಂಡಿ ತೋಡಿದ್ದಾರೆ ಎಂದು ಅದರ ಅರ್ಥ. ಅರ್ಧ ಗುಂಡಿಯ ಮಣ್ಣನ್ನಷ್ಟೇ ಕರಣೆಯಿಂದ ಕೆರೆದೆವು. ಇನ್ನರ್ಧ ಗೋಡೆಯಂತೆ ನಿಂತಿತು. ಬೂದುಬಣ್ಣದ ಮಡಕೆ, ಒಳಗೆ ಒದ್ದೆ ಬಿಸ್ಕತ್ತಿನಂತೆ ಮುಟ್ಟಿದರೆ ಉದುರುವ ತಲೆಬುರುಡೆಯ ಚೂರುಗಳು. ಪಕ್ಕೆಲುಬು ಬೆಂಕಿಕಡ್ಡಿಯ ಗಾತ್ರ. ನಾನು ಗ್ರಾಫ್ ಹಾಳೆಯ ಮೇಲೆ ಒಂದೊಂದನ್ನೇ ಅಳೆದು ಬರೆಯುತ್ತಿದ್ದೆ. ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ನಮ್ಮಲ್ಲೂ ಕೂಸುಗಳನ್ನು ಸುಡುವುದಿಲ್ಲಪ್ಪ, ಹೂಳುತ್ತೇವೆ" ಎಂದರು. ಇನ್ನೊಂದು ಬುಟ್ಟಿ ತುಂಬಿಸಿಕೊಂಡು ಹೊರಟರು. ಆ ವರ್ಷದ ವರದಿಯಲ್ಲಿ ಈ ಮಾತು ಇಲ್ಲ. ಇರಬೇಕಿತ್ತು.

ಕುಡತಿನಿಯ ಬೂದಿಗುಡ್ಡ ಭೀಮ ಕೊಂದ ಹಿಡಿಂಬಾಸುರನ ಚಿತೆ ಎಂದು ನಮ್ಮ ತಾತ ಹೇಳುತ್ತಿದ್ದರು. ವಿಜ್ಞಾನ ಏನು ಹೇಳುತ್ತದೆ?
– ವಿದ್ಯಾರ್ಥಿ, ಬಳ್ಳಾರಿ

ಸಗಣಿ ಎಂದು ಹೇಳುತ್ತದೆ. ತಾತನವರು ಕ್ಷಮಿಸಬೇಕು. ಹಂಪಿಯ ಹತ್ತಿರ ನಿಂಬಾಪುರದ ಬೂದಿದಿಬ್ಬವನ್ನೂ ವಾಲಿಯ ಚಿತೆ ಎನ್ನುತ್ತಾರೆ. ಅಷ್ಟು ಬೂದಿ ಕಂಡವರಿಗೆ ರಾಕ್ಷಸನೋ ವಾನರರಾಜನೋ ನೆನಪಾಗುವುದು ಸಹಜವೇ.

ಇದು ಸಗಣಿಯ ಬೂದಿ ಇರಬಹುದೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೇಲಿಯ ಕಂಬ ನೆಟ್ಟ ಕುಳಿಗಳು ಸಿಕ್ಕವು. ಜೊತೆಗೆ ದನಗಳ ಗೊರಸಿನ ಗುರುತೂ ಸಿಕ್ಕಿತು. ದನದ ಹಟ್ಟಿಯಲ್ಲಿ ಸಗಣಿ ಕೂಡಿಬೀಳುತ್ತಿತ್ತು, ಅದಕ್ಕೆ ಬೆಂಕಿ ಇಡುತ್ತಿದ್ದರು, ಮೇಲೆ ಮತ್ತೆ ಹಟ್ಟಿ. ಬೆಂಕಿಯ ಝಳ ಹೆಚ್ಚಾದಲ್ಲಿ ಬೂದಿ ಕರಗಿ ಗಾಜಿನ ಕಿಟ್ಟದಂತೆ ಗಟ್ಟಿಯಾಗಿದೆ. ಏಕೆ ಸುಟ್ಟರು ಎಂಬ ಬಗ್ಗೆ ಜಗಳ ಮುಗಿದಿಲ್ಲ: ಹಬ್ಬದ ಆಚರಣೆ ಎನ್ನುವವರಿದ್ದಾರೆ, ಕಸ ವಿಲೇವಾರಿ ಎನ್ನುವವರೂ ಇದ್ದಾರೆ. ನಾನು ಹಬ್ಬದ ಪಕ್ಷ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದನ್ನು ನೋಡಿ ಬೆಳೆದವನು ಬೇರೆ ಪಕ್ಷಕ್ಕೆ ಹೇಗೆ ಹೋದೇನು!

ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಬೂದಿದಿಬ್ಬದ ಪಕ್ಕದಲ್ಲೇ ಮನೆಗಳನ್ನೂ ದನ ಕಡಿಯುತ್ತಿದ್ದ ನೆಲವನ್ನೂ ಮಕ್ಕಳ ಸಮಾಧಿಗಳನ್ನೂ ಕಂಡರು. ಹಟ್ಟಿಯ ಪಕ್ಕದಲ್ಲೇ ಊರಿತ್ತು. ಎಷ್ಟೋ ದಿಬ್ಬಗಳ ಬೂದಿ ಈಗ ಗೊಬ್ಬರವೆಂದು ಗಾಡಿಯಲ್ಲಿ ಹೊಲ ಸೇರಿಬಿಟ್ಟಿದೆ. ರೈತರನ್ನು ಬೈಯುವುದು ಸುಲಭ. ಅದು ಏನೆಂದು ಅವರಿಗೆ ಯಾರೂ ಹೇಳಲೇ ಇಲ್ಲ.

ಒಂದೇ ಜಾಗದ ಕಾಲವನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತೀರಿ. ಯಾರನ್ನು ನಂಬುವುದು?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಆರೋಪ ಒಪ್ಪಿದೆ. ವೀಲರ್ ಬ್ರಹ್ಮಗಿರಿಯ ಕಲ್ಲುಕೊಡಲಿಯವರನ್ನು ಕ್ರಿ.ಪೂ. ಒಂದನೆಯ ಸಹಸ್ರಮಾನಕ್ಕೆ ಇಟ್ಟರು. ಅವರ ಕೈಯಲ್ಲಿದ್ದ ಆಸರೆ ನಿಮ್ಮ ಊರಿನ ಚಂದ್ರವಳ್ಳಿಯ ರೋಮನ್ ಬೆಳ್ಳಿ ನಾಣ್ಯಗಳಂಥವು. ರೋಮಿನ ತಿಬೇರಿಯಸ್ ದೊರೆಯ ನಾಣ್ಯ ಒಂದು ಪದರದಲ್ಲಿ ಸಿಕ್ಕಿದರೆ, ಆ ಪದರ ಅವನಿಗಿಂತ ಹಳೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದರ ಕೆಳಗಿನದನ್ನು ಮಾತ್ರ ಅಂದಾಜಿನಲ್ಲಿ ಅಳೆಯಬೇಕು. ಇದ್ದಿಲಿನಿಂದ ವಯಸ್ಸು ತೆಗೆಯುವ ರೇಡಿಯೋ ಕಾರ್ಬನ್ ವಿಧಾನ ಪ್ರಕಟವಾದದ್ದೇ 1949ರಲ್ಲಿ. ಅದು ಕೈಗೆ ಬಂದ ಮೇಲೆ ದಕ್ಷಿಣದ ನವಶಿಲಾಯುಗ, ಅಂದರೆ ಈ ಕಲ್ಲುಕೊಡಲಿಯವರ ಕಾಲ, ಸರಕ್ಕನೆ ಹಿಂದೆ ಸರಿದು ಕ್ರಿ.ಪೂ. 3000ದ ಆಚೀಚೆಗೆ ಹೋಯಿತು. ವೀಲರ್ ತೆಗೆದ ಪದರಗಳ ಕ್ರಮ ಇಂದಿಗೂ ಸರಿಯೇ. ಅವರು ಹಚ್ಚಿದ ವರ್ಷ ತಪ್ಪಿತ್ತು. ಕ್ರಮವನ್ನು ನಂಬಿ, ವರ್ಷವನ್ನು ಆಗಾಗ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಇದ್ದಿಲಿಗಿಂತ ಸುಟ್ಟು ಕರಿಯಾದ ಕಾಳು ಒಳ್ಳೆಯದು. ಮರ ನೂರು ವರ್ಷ ನಿಂತಿರಬಹುದು, ಕಾಳು ಒಂದೇ ಬೆಳೆಯದು. ಅಗೆದ ಮಣ್ಣನ್ನು ನೀರಿನ ತೊಟ್ಟಿಗೆ ಸುರಿದು ಕದಡಿದರೆ ಅವು ತೇಲುತ್ತವೆ, ಬಟ್ಟೆಯಲ್ಲಿ ಸೋಸಿಕೊಳ್ಳುತ್ತಾರೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಹೀಗೆ ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ.

ಚಿನ್ನ ಸಿಗುತ್ತದೆಯೇ?
– ಹೆಸರು ಬೇಡ, ಗಂಗಾವತಿ

ಹೆಸರು ಬೇಡ ಎಂದಾಗಲೇ ಅರ್ಥವಾಯಿತು. ತೆಕ್ಕಲಕೋಟೆಯಲ್ಲಿ ಪುಟ್ಟ ಒಡವೆ ಸಿಕ್ಕಿದೆ. ನಾನು ಮೂವತ್ತೊಂದು ವರ್ಷದಲ್ಲಿ ಒಂದು ಗುಂಜಿಯನ್ನೂ ಕಾಣಲಿಲ್ಲ. ನಿಮ್ಮ ಪಕ್ಕದ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಇದೇ ಆಸೆಗೆ ಎಷ್ಟೋ ಜನ ಒಳಹೊಕ್ಕು ಕೆದಕಿದ್ದಾರೆ. ಅವು ಸತ್ತವರ ಮನೆಗಳು. ನೀವು ಹೋದರೆ ಬೆಳಗಿನ ಬಿಸಿಲಿಗೆ ಹೋಗಿ, ಗುದ್ದಲಿ ಮನೆಯಲ್ಲಿರಲಿ. ಭೂಮಿಯಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ.

ನನ್ನ ಹೊಲದಲ್ಲಿ ನುಣ್ಣನೆಯ ಕರಿಕಲ್ಲಿನ ಕೊಡಲಿ ಸಿಕ್ಕಿದೆ. ನಿಮಗೆ ಕಳಿಸಲೇ?
– ರೈತರು, ಲಿಂಗಸುಗೂರು

ಬೇಡ, ದಯವಿಟ್ಟು ಬೇಡ. ಸಿಕ್ಕ ಜಾಗಕ್ಕೆ ಒಂದು ಗೂಟ ಹೊಡೆಯಿರಿ. ಅಲ್ಲೇ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಇದ್ದರೆ ಅಳತೆ ತಿಳಿಯುತ್ತದೆ. ಸುತ್ತ ಮಡಕೆ ಚೂರು, ಬೂದಿ, ಎಲುಬು ಇವೆಯೇ ನೋಡಿ, ಹೊಲದ ಸರ್ವೆ ನಂಬರ್ ಬರೆದು ಪುರಾತತ್ವ ಇಲಾಖೆಗೆ ತಿಳಿಸಿ. ಅಲ್ಲಿಯವರೆಗೆ ಅಷ್ಟು ಜಾಗಕ್ಕೆ ಟ್ರ್ಯಾಕ್ಟರ್ ಹೊಡೆಯದಿದ್ದರೆ ದೊಡ್ಡ ಉಪಕಾರ.

ಹೋದ ವರ್ಷ ಓದುಗರೊಬ್ಬರು ಇಂಥದ್ದೇ ಕೊಡಲಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿದರು. ಅಂಚು ಇನ್ನೂ ಹರಿತವಾಗಿದೆ, ಹಿಡಿ ಕೂರಿಸಿದ ಸವೆತವೂ ಕಾಣುತ್ತದೆ. ಒಳಗೆ ಚೀಟಿ ಇರಲಿಲ್ಲ, ಅಂಚೆಯ ಮುದ್ರೆ ಮಸಿ ಹರಡಿ ಅಳಿಸಿತ್ತು. ಯಾವ ಊರು, ಯಾವ ಹೊಲ, ಎಷ್ಟು ಆಳ, ಒಂದೂ ಇಲ್ಲ. ಅದು ಸಂಪಾದಕರ ಮೇಜಿನ ಮೇಲೆ ಕಾಗದಗಳು ಹಾರದಂತೆ ಕೂತಿದೆ. ಕಳಿಸಿದವರು ಇದನ್ನು ಓದುತ್ತಿದ್ದರೆ, ಒಂದು ಕಾರ್ಡಿನಲ್ಲಿ ಊರಿನ ಹೆಸರನ್ನಾದರೂ ಬರೆದು ಹಾಕಿ.