ಸ್ಕೌಟ್ ಬ್ಯಾಡ್ಜ್‌ಗಳನ್ನು ಕಂಬಳಿಗೆ ಹೊಲಿಯುವ ಮುನ್ನ

ನಿಮ್ಮ ತಂದೆಯವರು ಕಬ್ (ಸ್ಕೌಟ್‌ನ ಕಿರಿಯರ ವಿಭಾಗದ ಸದಸ್ಯ) ಆಗಿ ಸೇರಿ ತರಬೇತುದಾರರಾಗುವವರೆಗೆ ಕೂಡಿಟ್ಟ ಇನ್ನೂರಕ್ಕೂ ಹೆಚ್ಚು ಬ್ಯಾಡ್ಜ್‌ಗಳನ್ನು ಅವರಿಗೆ ತಿಳಿಯದಂತೆ ಕಂಬಳಿಗೆ ಹೊಲಿದು 70ನೆಯ ಹುಟ್ಟುಹಬ್ಬಕ್ಕೆ ಕೊಡಬೇಕೆಂದಿದ್ದೀರಿ, ಹೇಗೆ ಜೋಡಿಸಬೇಕೆಂದು ಕೇಳಿದ್ದೀರಿ. ಇಂಥದೇ ಕಂಬಳಿಯೊಂದನ್ನು ನನಗಾಗಿ ಹೊಲಿದುಕೊಂಡವನಾಗಿ ನನ್ನ ಮೊದಲ ಕೋರಿಕೆ ಒಂದೇ: ದಯವಿಟ್ಟು ಇದನ್ನು ಗುಟ್ಟಾಗಿ ಮಾಡಬೇಡಿ.

ಬ್ಯಾಡ್ಜಿನ ಮೇಲೆ ಶಿಬಿರದ ಹೆಸರು, ಹೆಚ್ಚೆಂದರೆ ಇಸವಿ ಇರುತ್ತದೆ. ಅದನ್ನು ಕೊಟ್ಟವರು ಯಾರು, ಅಂದು ಏನಾಯಿತು ಎಂಬುದು ಪಡೆದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಜಾಂಬೂರಿಗಳಲ್ಲಿ, ಅಂದರೆ ಸ್ಕೌಟ್‌ಗಳ ದೊಡ್ಡ ಮೇಳಗಳಲ್ಲಿ, ಬ್ಯಾಡ್ಜ್ ಬದಲಾಯಿಸಿಕೊಳ್ಳುವುದು ಹಳೆಯ ರೂಢಿಯಾದ್ದರಿಂದ, ಪೆಟ್ಟಿಗೆಯಲ್ಲಿ ಅವರು ಎಂದೂ ಹೋಗದ ಊರುಗಳ ಬ್ಯಾಡ್ಜ್‌ಗಳೂ ಇರಬಹುದು. ನನ್ನ ಕಂಬಳಿಯಲ್ಲಿ ಬಣ್ಣ ಮಾಸಿ ಅಕ್ಷರವೇ ಕಾಣದ ಒಂದು ತುಂಡು ಇದೆ. ನನ್ನ ಭಾಷೆ ಅರಿಯದ, ನಾನೂ ಅವನ ಭಾಷೆ ಅರಿಯದ ಹುಡುಗನೊಬ್ಬ ಕೊನೆಯ ರಾತ್ರಿ ತನ್ನ ಅಂಗಿಯಿಂದಲೇ ಬಿಚ್ಚಿ ಕೊಟ್ಟದ್ದು ಅದು. ಬೇರೆ ಯಾರಾದರೂ ಹೊಲಿದಿದ್ದರೆ ಅದನ್ನು ಮೊದಲು ಪಕ್ಕಕ್ಕಿಡುತ್ತಿದ್ದರು. ಆದ್ದರಿಂದ ಬ್ಯಾಡ್ಜ್‌ಗಳನ್ನು ನೆಲದ ಮೇಲೆ ಹರಡಿ, ತಂದೆಯವರನ್ನು ಕೂರಿಸಿಕೊಂಡು ಒಂದೊಂದರ ಕಥೆಯನ್ನೂ ಕೇಳಿ, ಸಂಖ್ಯೆ ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 2007ರ ಬ್ಯಾಡ್ಜ್‌ಗಳು ಹಲವಿದ್ದರೆ ಆಶ್ಚರ್ಯವಿಲ್ಲ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರಕ್ಕೆ ಅಂದು ನೂರು ವರ್ಷ ತುಂಬಿತ್ತು.

ಜೋಡಣೆಯನ್ನು ಅವರೇ ನಿರ್ಧರಿಸಲಿ. ನೇರಳೆ ಬಣ್ಣದ ಮೇಲೆ ಬಿಳಿಯ ಮೂರು ದಳಗಳ ಲಾಂಛನವೂ ಅದರ ಸುತ್ತ ಹಗ್ಗವೂ ಇರುವ ವಿಶ್ವ ಸ್ಕೌಟ್ ಬ್ಯಾಡ್ಜನ್ನು ನಾನು ನಡುವೆ ಇಟ್ಟು, ಕಬ್ ದಿನಗಳಿಂದ ಆರಂಭಿಸಿ ಸುತ್ತುಸುತ್ತಾಗಿ ಹೊರಕ್ಕೆ ಸಾಗಿದೆ. ಕಂಬಳಿಯನ್ನು ಕ್ಯಾಂಪ್ ಫೈರ್ ಮುಂದೆ ಹೊದೆಯುವುದಾದರೆ ಹೆಗಲ ಮೇಲೆ ಬರುವ ಪಟ್ಟಿಯನ್ನು ಖಾಲಿ ಬಿಡಬೇಕು, ಏಕೆಂದರೆ ಒತ್ತಾದ ಕಸೂತಿಯ ಬ್ಯಾಡ್ಜ್ ಬಾಗುವುದಿಲ್ಲ. ಬೆಂಕಿಯ ಬಳಿ ಉಣ್ಣೆಯ ಕಂಬಳಿಯೇ ಒಳ್ಳೆಯದು: ಕಿಡಿ ಬಿದ್ದರೆ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ.

ಹೊಲಿಯುವ ಮುನ್ನ ಹಳೆಯ ಬ್ಯಾಡ್ಜ್‌ಗಳ ಮೇಲೆ ಒದ್ದೆಯಾದ ಬಿಳಿ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ನೋಡಿ. ನಾನು ಹಾಗೆ ಮಾಡದೆ ಕೆಂಪು ಫೆಲ್ಟಿನ ಒಂದು ಬ್ಯಾಡ್ಜನ್ನು ಹೊಲಿದೆ. ಮೊದಲ ಮಳೆಯಲ್ಲೇ ಅದರ ಬಣ್ಣ ಪಕ್ಕದ ಮೂರು ಬ್ಯಾಡ್ಜ್‌ಗಳಿಗೆ ಹರಡಿತು, ಇಂದಿಗೂ ಹೋಗಿಲ್ಲ. ಇಸ್ತ್ರಿ ಮಾಡಿ ಅಂಟಿಸುವ ವಿಧಾನವನ್ನೂ ನಂಬಬೇಡಿ, ಉಣ್ಣೆಯ ಎಳೆಗಳ ಮೇಲೆ ಆ ಅಂಟು ಬಹುಕಾಲ ನಿಲ್ಲುವುದಿಲ್ಲ. ಮೊದಲು ಕಚ್ಚಾ ಹೊಲಿಗೆ ಹಾಕಿ, ನಂತರ ಬ್ಯಾಡ್ಜಿನ ಅಂಚಿನ ಬಣ್ಣದ್ದೇ ಗಟ್ಟಿ ದಾರದಿಂದ ಸುತ್ತಲೂ ಕೈಯಲ್ಲಿ ಸಣ್ಣ ಹೊಲಿಗೆ ಹಾಕಿ. ಯಂತ್ರ ವೇಗವಾಗಿ ಹೊಲಿಯುತ್ತದೆ ನಿಜ, ಆದರೆ ಕೈಹೊಲಿಗೆಯನ್ನು ಮುಂದೆಂದಾದರೂ ಬ್ಯಾಡ್ಜಿಗೆ ಹಾನಿಯಾಗದಂತೆ ಬಿಚ್ಚಬಹುದು.

ಅವರ ಬಳಿ ಗಿಲ್ವೆಲ್ ಸ್ಕಾರ್ಫ್ (ಸ್ಕೌಟ್ ನಾಯಕರ ಉನ್ನತ ತರಬೇತಿ ಮುಗಿಸಿದವರು ಕೊರಳಿಗೆ ಕಟ್ಟುವ ವಸ್ತ್ರ) ಇದ್ದರೆ, ಅದರ ಹಿಂಭಾಗದ ಚೌಕಳಿ ತುಂಡನ್ನು ಕತ್ತರಿಸುವ ಯೋಚನೆ ಬೇಡ. ಇಂಗ್ಲೆಂಡಿನ ಸ್ಕೌಟ್ ತರಬೇತಿ ಕೇಂದ್ರವಾದ ಗಿಲ್ವೆಲ್ ಪಾರ್ಕ್ ಕೊಳ್ಳಲು ಹಣ ಕೊಟ್ಟ ಮ್ಯಾಕ್ಲಾರೆನ್ ಅವರ ಗೌರವಾರ್ಥ ಸೇರಿಸಿದ ಬಟ್ಟೆ ಅದು. ಸ್ಕಾರ್ಫನ್ನೂ ಅದರೊಂದಿಗೆ ಕೊಡುವ ಮರದ ಮಣಿಗಳನ್ನೂ ಹಾಗೆಯೇ ಉಳಿಸಿ.

ಕಂಬಳಿಯನ್ನು ಬಿಸಿನೀರಿನಲ್ಲಿ ಒಗೆಯಬೇಡಿ. ಉಣ್ಣೆ ಕುಗ್ಗಿ ಬ್ಯಾಡ್ಜ್‌ಗಳು ಉಬ್ಬಿ ನಿಲ್ಲುತ್ತವೆ. ನುಸಿ ಹಿಡಿದ ಅನುಮಾನ ಬಂದರೆ, ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿದು ಕೋಣೆಯ ತಾಪಮಾನಕ್ಕೆ ಬಂದ ನಂತರವೇ ಚೀಲ ಬಿಚ್ಚಿ. ಕಥೆಗಳನ್ನು ಬರೆದ ನೋಟ್‌ಬುಕ್ಕಿಗೆ ಕಂಬಳಿಯ ಒಳಮಗ್ಗುಲಲ್ಲಿ ಒಂದು ಬಟ್ಟೆಯ ಜೇಬು ಹೊಲಿದರೆ ಎರಡೂ ಒಟ್ಟಿಗೇ ಇರುತ್ತವೆ. ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.