ಐರ್ಲೆಂಡಿನ ಕೆಲಸ, ಅಮ್ಮನಿಗೆ ಹೇಳದ ಮಾತು

ಮಂಜುಗೆ ಇಪ್ಪತ್ತಾರು ವರ್ಷ. (ಹೆಸರು, ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಬೆಂಗಳೂರಿನಲ್ಲಿ ಬೆಳಗಿನ ಜಾವ ರೇಸ್ ಕುದುರೆಗಳನ್ನು ಓಡಿಸುವ ಕೆಲಸ. ತಂದೆ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಆಗಿದ್ದರು, ಈಗಿಲ್ಲ. ತಾತ ಊಟಿ ಹಂಟ್ ಎಂಬ ಬೇಟೆ ತಂಡದಲ್ಲಿ ಕುದುರೆ ನೋಡಿಕೊಂಡವರು. ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ದೊರೆಗಳು ಕುದುರೆ ಏರಿ, ಹೌಂಡ್ ಎಂಬ ಬೇಟೆನಾಯಿಗಳನ್ನು ಬಿಟ್ಟು ಗುಳ್ಳೆನರಿ ಬೇಟೆಯಾಡುತ್ತಿದ್ದ ಕಥೆ ಕೇಳುತ್ತಲೇ ಬೆಳೆದ ಹುಡುಗ. ಐರ್ಲೆಂಡಿನ ಒಂದು ನರಿಬೇಟೆ ತಂಡದಿಂದ ಕೆಲಸಕ್ಕೆ ಕರೆ ಬಂದಾಗ ಕುಣಿದಾಡಿದ್ದ. ಹದಿನೈದು ದಿನದಲ್ಲಿ ನಿದ್ದೆ ಕೆಟ್ಟಿತು, ಊಟ ಸೇರದಾಯಿತು. ಆಪ್ತಸಲಹೆಗೆ ನನ್ನ ಬಳಿ ಬಂದ.

"ಅಮ್ಮನಿಗೆ ಏನು ಹೇಳಿದ್ದೀಯ?" ಎಂದೆ.

"ನಾಯಿ, ಕುದುರೆ ನೋಡ್ಕೊಳ್ಳೋ ಕೆಲಸ ಅಂದಿದ್ದೀನಿ ಮೇಡಂ."

ಅಲ್ಲಿಗೇ ಮಾತು ನಿಂತಿತು. ಆಮೇಲೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಹೌಂಡ್‌ಗಳ ಕೆನಲ್‌ಗೆ (ನಾಯಿಮನೆಗೆ) ಅಂಟಿಕೊಂಡ ಸಿಮೆಂಟ್ ಕೋಣೆ. ಕೊಕ್ಕೆಗೆ ತೂಗುಹಾಕಿದ ಸತ್ತ ಹಸು. ರಬ್ಬರ್ ಏಪ್ರನ್ ತೊಟ್ಟವನೊಬ್ಬ ಚರ್ಮ ಸುಲಿಯುತ್ತಿದ್ದ.

ಅಲ್ಲಿ ಇದು ಮಾಮೂಲಿ. ರೈತರ ಮನೆಯಲ್ಲಿ ಸತ್ತ ದನ, ಕುರಿಗಳನ್ನು ಬೇಟೆ ತಂಡದವರು ತಂದು, ಸುಲಿದು, ಹೌಂಡ್‌ಗಳಿಗೆ ಹಾಕುತ್ತಾರೆ. ರೈತನಿಗೆ ಹೆಣ ಸಾಗಿಸುವ ಚಿಂತೆ ಇಲ್ಲ. ಆ ಋಣಕ್ಕೆ ಅವನು ತನ್ನ ಹೊಲದ ಮೇಲೆ ಕುದುರೆ ಹಾಯಲು ಬಿಡುತ್ತಾನೆ. ಕೆಂಪು ಕೋಟು, ಕೊಂಬಿನ ಸದ್ದಿನ ಬೇಟೆ ನವೆಂಬರಿನಿಂದ ಮಾರ್ಚ್‌ವರೆಗೆ, ಅದೂ ವಾರದಲ್ಲಿ ಕೆಲವೇ ದಿನ. ಕೆನಲ್ ತೊಳೆಯುವುದು, ಮಾಂಸ ಕೊಯ್ಯುವುದು ವರ್ಷಪೂರ್ತಿ. ಓಡಲಾರದಷ್ಟು ವಯಸ್ಸಾದ ಹೌಂಡ್‌ಗಳನ್ನು ಹಲವು ತಂಡಗಳಲ್ಲಿ ಕೊಂದುಬಿಡುತ್ತಾರೆ. ಹೋಗುವ ಮೊದಲೇ ಇದೆಲ್ಲ ಗೊತ್ತಿರಬೇಕು ಅಂತ ಬಿಡಿಸಿ ಹೇಳಿದೆ.

ಮಂಜು ಮನೆಯಲ್ಲಿ ಎರಡು ಹಸುಗಳಿವೆ. ಅಮ್ಮ ದಿನಾ ಅವುಗಳ ಹಣೆಗೆ ಕುಂಕುಮ ಇಡುತ್ತಾರೆ. ಚರ್ಮ ಸುಲಿಯುವುದನ್ನು ನೆನೆದರೆ ಅವನಿಗೆ ಕೈ ನಡುಗುತ್ತಿತ್ತು. ಆದರೆ ನಿದ್ದೆ ಕೆಡಿಸಿದ್ದು ಅಮ್ಮನಿಗೆ ಹೇಳಿದ ಅರ್ಧ ಸತ್ಯ ಅಂತ ನನಗೆ ಬಲವಾಗಿ ಅನ್ನಿಸಿತು. "ಹೋಗು ಅಂತಲೂ ಬೇಡ ಅಂತಲೂ ನಾನು ಹೇಳಲ್ಲ. ವಿಡಿಯೋ ಅಮ್ಮನಿಗೆ ತೋರಿಸು, ಆಮೇಲೆ ಬಾ" ಎಂದೆ.

ತೋರಿಸಿದ. ಅಮ್ಮ ಹೇಳಿದ್ದು ಅವನು ಅಂದುಕೊಂಡ ಮಾತಲ್ಲ. "ಸತ್ತ ಹಸು ತಾನೇ, ಯಾರಾದ್ರೂ ಎತ್ತಲೇಬೇಕು. ನಮ್ಮೂರಲ್ಲಿ ಎತ್ತೋರು ಮನುಷ್ಯರಲ್ವಾ? ಆ ನರಿ ನಿನಗೇನು ಮಾಡಿತ್ತು?"

ನರಿಯ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಈ ಸಲ ಬಂದಾಗ ಅತ್ತ. ಅಳಲಿ ಅಂತ ಬಿಟ್ಟೆ. "ಮೇಡಂ, ನಿಮಗೆ ಏನನ್ಸುತ್ತೆ?" ಅಂತ ಕೇಳಿದ. ಸಾಮಾನ್ಯವಾಗಿ ನನ್ನ ಅಭಿಪ್ರಾಯ ಹೇಳುವುದಿಲ್ಲ. ಅವತ್ತು ಸುಮ್ಮನಿರುವುದು ಸರಿ ಅನ್ನಿಸಲಿಲ್ಲ. ಬಿಲಕ್ಕೆ ನುಗ್ಗಿದ ನರಿಯ ಮೇಲೆ ಟೆರಿಯರ್ ಎಂಬ ಸಣ್ಣ ಬೇಟೆನಾಯಿ ಬಿಡುವುದನ್ನು ನಾನು ಒಪ್ಪಲಾರೆ, ಆದರೆ ಇದು ನನ್ನ ಮನಸ್ಸು, ನಿನ್ನದನ್ನು ನೀನೇ ಕೇಳಿಕೊ ಎಂದೆ.

ಕೊಟ್ಟ ಸಲಹೆ ಇಷ್ಟು. ಬಾಯಿಮಾತು ನಂಬಬೇಡ, ಮಾಂಸದ ಕೋಣೆಯ ಕೆಲಸ ಕಡ್ಡಾಯವೇ ಅಂತ ತಂಡದವರಿಂದ ಬರಹದಲ್ಲಿ ಕೇಳು. ಕೆಲಸ ಬಿಟ್ಟರೆ ಇರಲು ಕೊಟ್ಟ ಮನೆಯನ್ನೂ ಬಿಡಬೇಕಾ, ಅದನ್ನೂ ಕೇಳು. ಐರ್ಲೆಂಡಿನಲ್ಲಿ ದುಡಿಯುವ ಪರ್ಮಿಟ್ ಕೆಲಸ ಕೊಟ್ಟವರ ಹೆಸರಿಗೇ ಅಂಟಿರುತ್ತೆ, ಬಂದ ಹೊಸದರಲ್ಲಿ ಬೇರೆ ಕಡೆ ಹಾರುವುದು ಸುಲಭವಲ್ಲ. ಅಲ್ಲಿನ ಕಾನೂನಿನಂತೆ ಮಾಲೀಕರು ನಿನ್ನ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ನೇಮಕದ ಖರ್ಚನ್ನು ನಿನ್ನ ಸಂಬಳದಲ್ಲಿ ಮುರಿಯುವ ಹಾಗೂ ಇಲ್ಲ. ಎರಡು ಲಕ್ಷ ಕೇಳಿದ ಏಜೆಂಟ್‌ಗೆ ಒಂದು ರೂಪಾಯಿ ಕೊಡಬೇಡ.

ಇಂಗ್ಲೆಂಡಿನ ತಂಡಗಳನ್ನು ನೋಡಲಾ ಅಂತ ಕೇಳಿದ. ಅಲ್ಲಿ ಮತ್ತು ವೇಲ್ಸ್‌ನಲ್ಲಿ ನರಿಬೇಟೆ 2005ರ ಫೆಬ್ರವರಿಯಿಂದಲೇ ನಿಷಿದ್ಧ. ವಾಸನೆಯ ಬಟ್ಟೆ ಎಳೆದು ಹೌಂಡ್ ಓಡಿಸುವ ಟ್ರೇಲ್ ಹಂಟಿಂಗ್ ಉಳಿದುಕೊಂಡಿತ್ತು. ಅದನ್ನೂ ನಿಲ್ಲಿಸುತ್ತೇವೆ ಅಂತ ಅಲ್ಲಿನ ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಹೇಳಿದೆ. ತಂಗಿಯ ಮದುವೆ ಸಾಲವನ್ನು ಅಂಥ ಕೆಲಸದ ಮೇಲೆ ನಿಲ್ಲಿಸಬೇಡ ಎಂದೆ.

ತಂಡದಿಂದ ಉತ್ತರ ಬಂತು: ಎಲ್ಲರೂ ಎಲ್ಲ ಕೆಲಸ ಮಾಡಬೇಕು. ಮಂಜು ಮರ್ಯಾದೆಯಿಂದ ಬೇಡ ಅಂದ. ಈಗ ಐರ್ಲೆಂಡಿನದೇ ಕಿಲ್ಡೇರ್‌ನ ರೇಸ್ ಲಾಯಗಳಿಗೆ ಅರ್ಜಿ ಹಾಕುತ್ತಿದ್ದಾನೆ, ರಾತ್ರಿ ನಿದ್ದೆಯೂ ಮಾಡುತ್ತಿದ್ದಾನೆ. ಹೌಂಡ್‌ಗಳ ಆಸೆ ಮಾತ್ರ ಹೋಗಿಲ್ಲ. ಮನುಷ್ಯನೊಬ್ಬ ಮುಂದೆ ಓಡಿ, ಅವನ ವಾಸನೆಯನ್ನು ಹೌಂಡ್‌ಗಳು ಹಿಂಬಾಲಿಸುವ ಬ್ಲಡ್‌ಹೌಂಡ್ ತಂಡಗಳೂ ಇವೆ, ಅಲ್ಲಿ ಪ್ರಾಣಿ ಸಾಯುವುದಿಲ್ಲ. ಅವಕ್ಕೂ ಬರೆದು ಕೇಳು ಎಂದಿದ್ದೇನೆ.