ಭಿನ್ನಮತಕ್ಕೆ ಮರ್ಯಾದೆ ಏಕೆ ಬೇಕು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪರಸ್ಪರ ವಿರುದ್ಧವಾದ ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲೇ ಪ್ರಕಟಿಸಿದ್ದನ್ನು ಆಕ್ಷೇಪಿಸಿ ನೀವು ಬರೆದ ಪತ್ರ ತಲುಪಿದೆ. ಅನ್ಯಾಯವನ್ನು ಸಮರ್ಥಿಸುವವರ ಜೊತೆ ಸೌಜನ್ಯದಿಂದ ಮಾತನಾಡಿ ಎನ್ನುವುದು ನೊಂದವರ ಬಾಯಿ ಮುಚ್ಚಿಸುವ ಉಪಾಯ ಎಂಬುದು ನಿಮ್ಮ ಪತ್ರದ ತಿರುಳು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೋವುಂಡವರು ಹೇಳುತ್ತಿರುವ ಸಂಗತಿಯನ್ನು ಪಕ್ಕಕ್ಕಿಟ್ಟು, ಅವರ ದನಿ ಏರಿತೆಂಬುದನ್ನೇ ದೊಡ್ಡ ತಪ್ಪಾಗಿ ಎತ್ತಿ ತೋರಿಸುವ ಚಾಳಿ ಸಾರ್ವಜನಿಕ ಚರ್ಚೆಗಳಲ್ಲಿ ಇದ್ದೇ ಇದೆ. ಅದನ್ನು ಸೌಜನ್ಯವೆಂದು ಕರೆಯಲು ನಾನು ಸಿದ್ಧನಿಲ್ಲ.

ಆದರೆ ಸೌಜನ್ಯವೆಂದರೆ ಮೆತ್ತಗೆ ಮಾತನಾಡುವುದು ಎಂದು ನೀವು ಭಾವಿಸಿದಂತಿದೆ. ನಾನು ಚರ್ಚೆಯಲ್ಲಿ ಬಯಸುವುದು ಬೇರೆಯದನ್ನು: ಎದುರು ಪಕ್ಷದವರು ಓದಿ 'ಹೌದು, ನಾವು ಹೇಳಿದ್ದು ಇದನ್ನೇ' ಎಂದು ಒಪ್ಪುವ ಹಾಗೆ ಅವರ ವಾದವನ್ನು ಮೊದಲು ಮುಂದಿಡಬೇಕು, ಆಮೇಲೆ ಬೇಕಾದಷ್ಟು ಕಟುವಾಗಿ ಖಂಡಿಸಬಹುದು. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮಂಡಿಸಿದ ನಂತರವೇ ತಮ್ಮ ಸಿದ್ಧಾಂತಕ್ಕೆ ಬರುವ ಶಾಸ್ತ್ರಕಾರರ ಪದ್ಧತಿಯ ಹಿಂದೆ ಇದ್ದದ್ದೂ ಈ ವಿವೇಕವೇ. ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರಗಳು ತತ್ತ್ವವನ್ನು ತಿಳಿಯಲು ನಡೆಸುವ ವಾದವನ್ನು, ಗೆಲ್ಲುವುದಕ್ಕಾಗಿಯೇ ಹೂಡುವ ಜಲ್ಪದಿಂದಲೂ ತನ್ನದೆಂಬ ನಿಲುವನ್ನೇ ಸ್ಥಾಪಿಸದೆ ಎದುರಿನವರನ್ನು ಖಂಡಿಸುತ್ತ ಹೋಗುವ ವಿತಂಡದಿಂದಲೂ ಬೇರ್ಪಡಿಸಿವೆ. ಇಂದಿನ ನಮ್ಮ ಜಗಳಗಳಲ್ಲಿ ಹೆಚ್ಚಿನವು ಈ ಮೂರನೆಯ ಗುಂಪಿಗೆ ಸೇರುತ್ತವೆ ಎಂಬುದು ನನ್ನ ಅನಿಸಿಕೆ.

ಕಟುತ್ವಕ್ಕೂ ಮರ್ಯಾದೆಗೂ ವಿರೋಧವಿಲ್ಲ ಎನ್ನುವುದಕ್ಕೆ ಡಾ. ಅಂಬೇಡ್ಕರ್ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ತೋರುವುದಿಲ್ಲ. ಜಾತಿಪದ್ಧತಿಯನ್ನು ಮುರಿಯಲು ಹೊರಟಿದ್ದ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು ಅವರನ್ನು ಅಧ್ಯಕ್ಷರಾಗಿ ಆಹ್ವಾನಿಸಿ, ಭಾಷಣದ ಕರಡು ಕಂಡು ಹಿಂಜರಿದು ಸಮ್ಮೇಳನವನ್ನೇ ಕೈಬಿಟ್ಟಾಗ, ಅವರು 1936ರಲ್ಲಿ ಆ ಭಾಷಣವನ್ನು 'ಜಾತಿ ವಿನಾಶ' (ಅನಿಹಿಲೇಷನ್ ಆಫ್ ಕಾಸ್ಟ್) ಎಂಬ ಹೆಸರಿನಲ್ಲಿ ತಾವೇ ಅಚ್ಚು ಹಾಕಿಸಿದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದರು. 1937ರ ಎರಡನೆಯ ಆವೃತ್ತಿಯಲ್ಲಿ ಅಂಬೇಡ್ಕರ್ ಆ ವಿಮರ್ಶೆಯನ್ನೂ ಸೇರಿಸಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಆ ಉತ್ತರದಲ್ಲಿ ಗಾಂಧೀಜಿಯವರ ಅಂಶಗಳನ್ನು ಪಟ್ಟಿ ಮಾಡಿಕೊಂಡು, ಅವಕ್ಕೆ ಯಾವ ರಿಯಾಯಿತಿಯನ್ನೂ ತೋರದೆ ಉತ್ತರಿಸಿದರು. ಪ್ರಚಾರಕ್ಕಾಗಿ ಬರೆದದ್ದು ಎಂಬ ಧ್ವನಿಯ ಮಾತು ವಿಮರ್ಶೆಯಲ್ಲಿತ್ತು; ಅದಕ್ಕೂ ತಮ್ಮ ಉದ್ದೇಶ ಹಿಂದೂಗಳನ್ನು ಯೋಚನೆಗೆ ಹಚ್ಚುವುದಾಗಿತ್ತೆಂದು ಸ್ಪಷ್ಟಪಡಿಸಿದರು. ನೊಂದ ಸಮುದಾಯದ ಪರವಾಗಿ, ಉರಿಯುವ ಪ್ರಶ್ನೆಯ ಬಗ್ಗೆ ಬರೆಯುತ್ತಿದ್ದವರು ಅವರು. ಆದರೂ ಎದುರಾಳಿಯ ಮಾತು ಓದುಗರಿಗೆ ಸಿಗದಂತೆ ಮಾಡಲಿಲ್ಲ, ಏಕೆಂದರೆ ಎರಡನ್ನೂ ಓದಿದವರೇ ತಮ್ಮ ವಾದದ ಬಲವನ್ನು ಅಳೆಯಬಲ್ಲರು ಎಂಬ ನಂಬಿಕೆ ಅವರಿಗಿದ್ದಿರಬೇಕು.

ನಮ್ಮ ಮೇಜಿಗೆ ಬರುವ ಪತ್ರಗಳನ್ನು ನಾವು ಒರೆಗೆ ಹಚ್ಚುವುದೂ ಹೀಗೆಯೇ. 'ಲೇಖಕರು ಕೊಟ್ಟ ಅಂಕಿಅಂಶ ಹಳೆಯದು, ಅದರ ಮೇಲೆ ಕಟ್ಟಿದ ತೀರ್ಮಾನ ನಿಲ್ಲುವುದಿಲ್ಲ' ಎಂಬ ವಾಕ್ಯಕ್ಕೆ ಲೇಖಕರು ಉತ್ತರ ಕೊಡಬಹುದು, ಬೇಕಾದರೆ ಸೋಲನ್ನೂ ಒಪ್ಪಬಹುದು. 'ಲೇಖಕರು ಯಾರದ್ದೋ ಹಣಕ್ಕೆ ಬರೆದಿದ್ದಾರೆ' ಎಂಬುದಕ್ಕೆ, ಆಧಾರವಿಲ್ಲದಿದ್ದರೆ, ಉತ್ತರ ಕೊಡಲು ದಾರಿಯೇ ಇಲ್ಲ. ಅಲ್ಲಿಗೆ ಚರ್ಚೆ ನಿಲ್ಲುತ್ತದೆ, ದ್ವೇಷ ಮಾತ್ರ ಮುಂದುವರಿಯುತ್ತದೆ. ಹುಟ್ಟು, ಮನೆಯವರು, ರೂಪ, ಉಚ್ಚಾರಣೆ ಇವುಗಳನ್ನು ಹಿಡಿದು ಆಡುವ ಮಾತುಗಳಿಗೂ ಇದೇ ಗತಿ.

ಒಂದು ಮಿತಿಯನ್ನು ನಾನೂ ಒಪ್ಪುತ್ತೇನೆ. ಕೆಲವರನ್ನು ಮನುಷ್ಯರೇ ಅಲ್ಲವೆಂದು ಸಾರುವ, ಅವರ ಮೇಲೆ ಕೈ ಮಾಡಲು ಪ್ರಚೋದಿಸುವ ಬರಹವನ್ನು ಇನ್ನೊಂದು ಪಕ್ಷವೆಂದು ಪರಿಗಣಿಸಿ ನಾವು ಪಕ್ಕದಲ್ಲಿ ಕೂರಿಸುವುದಿಲ್ಲ. ನೀವು ಆಕ್ಷೇಪಿಸಿದ ಲೇಖನ ಆ ಬಗೆಯದಲ್ಲ. ಅದು ನಿಮಗೂ ನನಗೂ ತಪ್ಪೆಂದು ಕಾಣುವ, ಆದರೆ ಕಾರಣಗಳನ್ನು ಕೊಟ್ಟು ಮಂಡಿಸಿದ ಒಂದು ಅಭಿಪ್ರಾಯ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ನಮ್ಮ ಮೇಲಿನ ಕಟುಮಾತುಗಳೆಲ್ಲ ಇದ್ದಂತೆಯೇ ಇವೆ. ಆ ಲೇಖಕರ ಮನೆತನವನ್ನು ಕುರಿತ ಒಂದು ವಾಕ್ಯವನ್ನು ಮಾತ್ರ ತೆಗೆದಿದ್ದೇವೆ. ಅವರ ಎರಡನೆಯ ಕಾರಣಕ್ಕೆ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ, ಅವರ ವಾದ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಅದನ್ನು ಎದುರಿಸಿ ನೀವು ಬರೆಯುವುದಾದರೆ ಮುಂದಿನ ಸಂಚಿಕೆಯಲ್ಲಿ ಪೂರ್ಣ ಪುಟವನ್ನು ನಿಮಗಾಗಿ ಕಾಯ್ದಿರಿಸುತ್ತೇವೆ.

ಸಂಪಾದಕ